ಆರತಿ ಹಾಡಿಗೆ ಕೊಂಡ ಮಿಕ್ಸರ್

ಹೆಡ್‌ಫೋನ್ ಹಾಕಿಕೊಂಡು, ಮೈಕ್ ಆನ್ ಮಾಡಿ, ಏನೂ ಮಾತಾಡದೆ ಸುಮ್ಮನೆ ಕೂರುವ ಚಟ ನನಗೆ ಹತ್ತಿದ್ದು ಆನ್‌ಲೈನ್ ಪಾಠಗಳ ಕಾಲದಲ್ಲಿ. ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಮಕ್ಕಳಿಗೆ ಪದ್ಯ ಓದಿ ಕಳಿಸಲೆಂದು ಆಗ ಒಂದು ಪುಟ್ಟ ಮೈಕ್ ತರಿಸಿಕೊಂಡಿದ್ದೆ. ಶಾಲೆ ಮತ್ತೆ ತೆರೆಯಿತು, ಮಕ್ಕಳು ಎದುರಿಗೇ ಬಂದು ಕೂತರು, ಮೈಕ್ ಮಾತ್ರ ನನ್ನನ್ನು ಬಿಡಲಿಲ್ಲ. ಭಾನುವಾರ ಮಧ್ಯಾಹ್ನ ಯಜಮಾನರು ಊಟ ಮುಗಿಸಿ ಉರುಳಿಕೊಂಡ ಮೇಲೆ, ವಿಜಯನಗರದ ನಮ್ಮ ಮನೆಯ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರೆ ಲೋಕವೇ ಬೇರೆಯಾಗುತ್ತಿತ್ತು. ಎದುರುಮನೆಯ ಕುಕ್ಕರು ನನ್ನ ಕಿವಿಯೊಳಗೇ ಕೂಗುತ್ತಿತ್ತು. ಸೊಪ್ಪಿನವಳ ದನಿ ಬೀದಿಯ ತುದಿಯಲ್ಲಿ ಹುಟ್ಟಿ, ದೊಡ್ಡದಾಗಿ, ಮತ್ತೆ ಸಣ್ಣದಾಗಿ ಕರಗುವವರೆಗೂ ನಾನು ಅದರ ಹಿಂದೆಯೇ ನಡೆದುಹೋಗುತ್ತಿದ್ದೆ. ದೂರದಲ್ಲಿ ಮೆಟ್ರೋ ಬಂದು ನಿಂತು ಹೊರಡುವ ಸದ್ದು, ಯಾರೋ ಬಕೆಟ್ ಇಟ್ಟ ಸದ್ದು, ನನ್ನದೇ ಉಸಿರು. ಎಚ್ಚರವೋ ನಿದ್ದೆಯೋ ಗೊತ್ತಾಗದಂಥ ಹೊತ್ತು ಅದು. ಯಜಮಾನರು ಎದ್ದುಬಂದು "ಏನೇ ರೆಕಾರ್ಡ್ ಮಾಡ್ದೆ ಇಷ್ಟೊತ್ತು?" ಎಂದು ಕೇಳಿದರೆ "ಏನೂ ಇಲ್ಲ" ಎನ್ನುತ್ತಿದ್ದೆ. ಅದು ನಿಜವೂ ಆಗಿತ್ತು.

ಹಾಡಲು ನನಗೆ ಬರುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಶ್ರುತಿಪೆಟ್ಟಿಗೆಯನ್ನು ಬಯ್ಯುವವಳು. ನಮ್ಮ ಮನೆಯ ಹಾಡೆಲ್ಲ ಅಕ್ಕನ ಪಾಲಿಗೆ ಹೋಯಿತು. ಬಿನ್ನಿಪೇಟೆಯ ವಠಾರದಲ್ಲಿ ನಾವು ಬೆಳೆದದ್ದು. ಅಪ್ಪ ಮಿಲ್ಲಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಹಗಲೆಲ್ಲ ಮಲಗಿರುತ್ತಿದ್ದರು. ಬಾಗಿಲ ಹೊರಗಿನ ಜಗಲಿಯಲ್ಲಿ ನನ್ನನ್ನು ಕೂರಿಸಿಕೊಂಡು ತಲೆ ಬಾಚುತ್ತಾ ಅಕ್ಕ ಸಣ್ಣ ದನಿಯಲ್ಲಿ ಹಾಡಿಕೊಳ್ಳುತ್ತಿದ್ದಳು. ಅಪ್ಪನ ನಿದ್ದೆಯೂ ಕೆಡಬಾರದು, ಹಾಡೂ ನಿಲ್ಲಬಾರದು. ಬಾಚಣಿಗೆ ಸಿಕ್ಕಿಗೆ ತಗುಲಿದಾಗ ಹಾಡು ಅಲ್ಲೇ ನಿಂತು, ಸಿಕ್ಕು ಬಿಟ್ಟ ಮೇಲೆ ಅದೇ ಅಕ್ಷರದಿಂದ ಮುಂದುವರಿಯುತ್ತಿತ್ತು. ನನಗೆ ನೋವು, ಸುಖ, ತೂಕಡಿಕೆ ಮೂರೂ ಒಟ್ಟಿಗೇ ಬರುತ್ತಿದ್ದವು. ಈಗಲೂ ಯಾರಾದರೂ ನನ್ನ ತಲೆ ಮುಟ್ಟಿದರೆ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತದೆ.

ಅಜ್ಜಿಯಿಂದ ಅಕ್ಕನಿಗೆ ಬಂದ ಒಂದು ಆರತಿ ಹಾಡಿದೆ. ಮದುವೆಯಿರಲಿ, ಸೀಮಂತವಿರಲಿ, ನಾಮಕರಣವಿರಲಿ, ನಮ್ಮಲ್ಲಿ ಆರತಿ ಎತ್ತುವಾಗ ಅದೇ ಹಾಡು. ಒಬ್ಬರು ಸಾಲು ಎತ್ತಿಕೊಡಬೇಕು, ಉಳಿದವರು ಹಿಂದೆ ಹೇಳಬೇಕು. ಎತ್ತಿಕೊಡುವವಳು ಯಾವಾಗಲೂ ಅಕ್ಕ. ಹಿಂದೆ ಹೇಳಿ ಹೇಳಿ ಅಭ್ಯಾಸವಾದ ಮಿಕ್ಕ ಹೆಂಗಸರಿಗೆ ಮುಂದಿನ ನುಡಿ ಯಾವುದೆಂದು ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಅಕ್ಕನ ಬಾಯಿ ನೋಡಿಕೊಂಡೇ ಹಾಡುತ್ತಾರೆ.

ಭಾವ ತೀರಿಕೊಂಡ ಮೇಲೆ ಅಕ್ಕ ಎತ್ತಿಕೊಡುವುದನ್ನು ನಿಲ್ಲಿಸಿದಳು. ಗಂಡನಿಲ್ಲದವಳು ಶುಭಕಾರ್ಯದಲ್ಲಿ ಮುಂದೆ ನಿಲ್ಲಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅದೇ ಕಷ್ಟವಾದದ್ದು. ಯಾರಾದರೂ ಹೇಳಿದ್ದರೆ ನಾನು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ನಿಲ್ಲುತ್ತಿದ್ದೆ. ಆರತಿಯ ಹೊತ್ತಿಗೆ ಸರಿಯಾಗಿ ಅಕ್ಕ ತಾನಾಗಿಯೇ ಎದ್ದು, ಎಲೆ ಹಾಕಿದ್ದಾರೋ ಇಲ್ಲವೋ ನೋಡಿಬರುತ್ತೇನೆ ಎಂದು ಊಟದ ಹಾಲಿನ ಕಡೆ ಹೊರಟುಬಿಡುತ್ತಿದ್ದಳು. ಅವಳು ಹೋಗುವುದನ್ನು ಎಲ್ಲರೂ ನೋಡುತ್ತಿದ್ದರು, ನೋಡಿ ಬೇರೆ ಕಡೆಗೆ ತಿರುಗುತ್ತಿದ್ದರು. ಆಮೇಲಿನ ನಮ್ಮ ಆರತಿಗಳೆಲ್ಲ ವಾಲಗದಲ್ಲೇ ಮುಗಿದವು.

ಅಕ್ಕನಿಗೆ ಒಬ್ಬಳೇ ಮಗಳು. ಅವಳ ಮದುವೆ ಗೊತ್ತಾದಾಗ ಕೆಂಗೇರಿಯ ಅಕ್ಕನ ಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದೆವು. ಹುಡುಗಿ ಪೀಠಿಕೆಯಿಲ್ಲದೆ ಹೇಳಿದಳು.

"ಅಮ್ಮ ಹಾಡ್ಲಿಲ್ಲ ಅಂದ್ರೆ ನಾನು ಆರತಿಗೆ ಕೂರಲ್ಲ. ಎದ್ದು ಹೋಗ್ತೀನಿ, ನೋಡ್ತಿರಿ."

"ನಿಮ್ಮಪ್ಪನ ಹಟ ನಿಂಗೆ," ಎಂದಳು ಅಕ್ಕ. "ಹಾಡೋಕೆ ರಾಜಾಜಿನಗರದ ಅತ್ತೆ ಇದಾರೆ. ನಿನ್ನ ಚಿಕ್ಕಮ್ಮನ ಓರಗಿತ್ತಿ ಇದಾಳೆ. ನನ್ನ ಬಿಟ್ಬಿಡು."

ಅತ್ತೆ ಎಂದರೆ ನಮ್ಮಪ್ಪನ ತಂಗಿ. ನಮ್ಮ ಕಡೆಯ ಶಾಸ್ತ್ರಸಂಪ್ರದಾಯಗಳ ಬೀಗದಕೈ ಅವರ ಸೊಂಟದಲ್ಲಿದೆ. ಯಾವ ಅಕ್ಕಿಗೆ ಎಷ್ಟು ಅರಿಶಿನ, ಯಾವ ದಿಕ್ಕಿಗೆ ಯಾವ ಮಣೆ, ಎಲ್ಲ ಅವರನ್ನೇ ಕೇಳಬೇಕು.

"ಅತ್ತೇನ ನಾನು ನೋಡ್ಕೋತೀನಿ," ಎಂದೆ ನಾನು.

"ಅತ್ತೆ ಅಲ್ಲ ಕಣೇ," ಎಂದಳು ಅಕ್ಕ. ಮಗಳ ಕಡೆ ನೋಡಿದಳು. "ನಾಳೆ ಇವಳ ಸಂಸಾರದಲ್ಲಿ ಒಂದು ಸಣ್ಣ ಕಷ್ಟ ಬಂದ್ರೂ, ಅವತ್ತು ನಾನು ಬಾಯಿ ತೆಗೆದಿದ್ದೆ ಅಂತ ನಂಗೇ ಅನ್ಸುತ್ತೆ. ಅದನ್ನ ಇಟ್ಕೊಂಡು ನಾನು ಹೇಗೆ ಬದುಕ್ಲಿ?"

ನಾನು ಓದಿದ್ದು, ಮಕ್ಕಳಿಗೆ ಪಾಠ ಮಾಡಿದ್ದು ಯಾವುದೂ ಆ ಹೊತ್ತಿಗೆ ಕೈಗೆ ಬರಲಿಲ್ಲ. ಹುಡುಗಿಯೇ ದಾರಿ ಹುಡುಕಿದಳು. "ರೆಕಾರ್ಡ್ ಮಾಡಿ ಹಾಕೋಣ. ಸ್ಪೀಕರಲ್ಲಿ ಬಂದ್ರೆ ನೀನು ಮುಂದೆ ನಿಂತಂಗೆ ಆಗಲ್ಲ. ಚಿಕ್ಕಮ್ಮನ ಹತ್ರ ಮೈಕ್ ಇದೆಯಲ್ಲ." ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಅಕ್ಕ ಲೋಟದ ಅಂಚಿನ ಮೇಲೆ ಬೆರಳಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಸರಿ. ಆದ್ರೆ ನನ್ನ ದನಿ ಬೇರೆ ಇರ್ಬೇಕು, ಅವರಿಬ್ಬರದು ಬೇರೆ. ಕೊನೇ ಗಳಿಗೇಲಿ ನಂಗೆ ಬೇಡ ಅನ್ಸಿದ್ರೆ ನಂದಷ್ಟೇ ತೆಗೆದುಬಿಡ್ಬೇಕು. ಹಾಗೆ ಮಾಡೋಕೆ ಬರುತ್ತಾ?"

"ಬರುತ್ತೆ," ಎಂದೆ. "ಮಲ್ಟಿಟ್ರ್ಯಾಕ್ ಅಂತಾರೆ ಅದನ್ನ."

"ಏನಾದ್ರೂ ಅನ್ಲಿ. ಮಾತು ಕೊಡು."

ಕೊಟ್ಟೆ. ಸಂಜೆ ಮೆಟ್ರೋದಲ್ಲಿ ವಾಪಸು ಬರುವಾಗ ಮೈಸೂರು ರಸ್ತೆಯ ಮೇಲೆ ಬಿಸಿಲು ಅಡ್ಡಡ್ಡ ಬಿದ್ದಿತ್ತು. ಕಿಟಕಿಗೆ ತಲೆ ಒರಗಿಸಿ ಕೂತೆ. ಛತ್ರದ ಕಂಬಗಳ ನಡುವೆ ಅಕ್ಕನ ದನಿ ಹರಿದುಬರುವುದು, ಜನ ಮಾತು ನಿಲ್ಲಿಸಿ ತಲೆಯೆತ್ತುವುದು, ಎಲ್ಲ ಕಣ್ಣಿಗೆ ಕಟ್ಟಿತು. ಇಳಿಯಬೇಕಾದ ಸ್ಟೇಷನ್ ದಾಟಿ ಮುಂದೆ ಹೋಗಿಬಿಟ್ಟಿದ್ದೆ.

ಆಮೇಲೆ ಕೆಲವು ವಾರ ನಾನು ಬದುಕಿದ್ದು ಯೂಟ್ಯೂಬಿನಲ್ಲಿ. ನನ್ನ ಮೈಕಿನಲ್ಲಿ ಒಬ್ಬರ ದನಿ ಹಿಡಿಯಬಹುದು, ಮೂವರದಾಗದು. ಅದಕ್ಕೆ ಮೂರು ಒಳ್ಳೆಯ ಮೈಕ್ ಬೇಕು, ಮೈಕುಗಳಿಗೂ ಕಂಪ್ಯೂಟರಿಗೂ ನಡುವೆ ಒಂದು ಪೆಟ್ಟಿಗೆ ಬೇಕು. ಪೆಟ್ಟಿಗೆಯಲ್ಲಿ ಎರಡು ಜಾತಿ. ಒಂದು ಆಡಿಯೋ ಇಂಟರ್‌ಫೇಸು. ನೋಡಲು ಸಾದಾ, ಮುಂದೆ ನಾಲ್ಕು ತೂತು, ನಾಲ್ಕು ಗುಂಡಿ. ಎಷ್ಟು ಮೈಕ್ ಚುಚ್ಚಿದರೆ ಅಷ್ಟು ದನಿಗಳನ್ನು ಬೇರೆಬೇರೆಯಾಗಿಯೇ ಕಂಪ್ಯೂಟರಿಗೆ ಒಪ್ಪಿಸುತ್ತದೆ. ಇನ್ನೊಂದು ಮಿಕ್ಸರು. ಮೈತುಂಬ ಗುಂಡಿಗಳು, ಕೆಂಪು ಹಸಿರು ದೀಪಗಳು, ಮೇಲೆ ಕೆಳಗೆ ಜಾರುವ ಹಿಡಿಗಳು. ಬಂದ ದನಿಗಳನ್ನು ಅಲ್ಲೇ ಬೆರೆಸಿ ಒಂದು ಮಾಡಿ ಕಳಿಸುತ್ತದೆ. ಎರಡೂ ಕೆಲಸ ಮಾಡುವ ದೊಡ್ಡ ಮಿಕ್ಸರುಗಳೂ ಇವೆಯಂತೆ, ಅವು ಮನೆಯಲ್ಲಿಟ್ಟುಕೊಳ್ಳುವವಲ್ಲ. ನನ್ನ ಮನಸ್ಸು ಮಿಕ್ಸರಿನ ದೀಪಗಳ ಮೇಲಿತ್ತು, ಸುಳ್ಳೇಕೆ ಹೇಳಲಿ. ಆದರೆ ಅಕ್ಕನಿಗೆ ಕೊಟ್ಟ ಮಾತಿಗೆ ಇಂಟರ್‌ಫೇಸೇ ಸರಿ ಎಂದು ಗೊತ್ತಾಗಿ, ಅದನ್ನೇ ತರುವುದೆಂದು ನಿಶ್ಚಯಿಸಿಕೊಂಡು ರಾಜಾಜಿನಗರದ ಅಂಗಡಿಗೆ ಹೋದೆ.

ಅಂಗಡಿ ಮೊದಲನೇ ಮಹಡಿಯಲ್ಲಿತ್ತು. ಒಳಗೆ ಹೋದರೆ ಬೀದಿಯ ಗಲಾಟೆ ಒಮ್ಮೆಲೇ ಕಡಿದುಹೋಯಿತು. ಗೋಡೆಗೆಲ್ಲ ಸ್ಪಂಜು ಹೊಡೆದಿದ್ದರು. ಅಂಗಡಿಯವರು ಕನ್ನಡಕ ಹಣೆಗೇರಿಸಿಕೊಂಡು ಕೂತಿದ್ದ, ಮಾತು ಇಷ್ಟಪಡುವ ಮನುಷ್ಯ. ಮೂವರು ಹೆಂಗಸರು, ಆರತಿ ಹಾಡು ಎಂದಷ್ಟೇ ಹೇಳಿದೆ.

"ಹಂಗಾದ್ರೆ ಇಂಟರ್‌ಫೇಸ್ ತಗೊಳಿ ಮೇಡಂ, ಯೋಚನೇನೇ ಬೇಡ. ಮೈಕ್‌ಗೊಂದು ಟ್ರ್ಯಾಕು. ಯಾರಾದ್ರೂ ಅಪಸ್ವರ ಹಾಡಿದ್ರೆ ಅವರೊಬ್ಬರನ್ನೇ ಮ್ಯೂಟ್ ಮಾಡ್ಬಹುದು. ತೋರಿಸ್ತೀನಿ ಇರಿ."

ಹೆಡ್‌ಫೋನ್ ಕೊಟ್ಟರು. ಪರದೆಯ ಮೇಲೆ ಮೂರು ಪಟ್ಟಿಗಳು ಒಂದರ ಕೆಳಗೊಂದು ಓಡುತ್ತಿದ್ದವು. ಯಾರೋ ಮೂವರು ಗುಂಪಾಗಿ ಹಾಡುತ್ತಿದ್ದರು. ನಡುವಿನ ದನಿ ಸ್ವಲ್ಪ ದಪ್ಪ, ಬೆಚ್ಚಗಿತ್ತು. ನಾನು ಅದರ ಜೊತೆಗೇ ಹೊರಟೆ, ಕಣ್ಣು ಮುಚ್ಚಿಕೊಂಡಿತು. ಅಷ್ಟರಲ್ಲಿ ಅವರು ಒಂದು ಗುಂಡಿ ಒತ್ತಿದರು. ಆ ದನಿ ಇರಲಿಲ್ಲ. ಕೆಮ್ಮಲಿಲ್ಲ, ತಡವರಿಸಲಿಲ್ಲ, ಇದ್ದದ್ದು ಇಲ್ಲವಾಯಿತು. ಉಳಿದಿಬ್ಬರು ಏನೂ ಆಗದವರ ಹಾಗೆ ಹಾಡುತ್ತಲೇ ಇದ್ದರು.

ಇದನ್ನು ನಾನು ಎಷ್ಟು ಸಲ ನೋಡಿಲ್ಲ? ಅಕ್ಕ ಎದ್ದು ಊಟದ ಹಾಲಿಗೆ ಹೋಗುವುದು, ಮಿಕ್ಕವರು ತಟ್ಟೆ ಎತ್ತುವುದು. ಅದನ್ನೇ ಇವರು ಒಂದು ಬೆರಳಿನಲ್ಲಿ ಮಾಡಿ ತೋರಿಸುತ್ತಿದ್ದರು, ಅದೂ ಹೆಮ್ಮೆಯಿಂದ.

"ಮಿಕ್ಸರಲ್ಲಿ ಹೀಗೆ ತೆಗೆಯೋಕೆ ಬರುತ್ತಾ?" ಎಂದು ಕೇಳಿದೆ.

"ಈ ಮಿಕ್ಸರಲ್ಲಿ ಬರಲ್ಲ ಮೇಡಂ. ಎಲ್ಲಾ ಸೇರಿ ಎಡ ಬಲ ಅಂತ ಎರಡೇ ಟ್ರ್ಯಾಕ್ ಕಂಪ್ಯೂಟರಿಗೆ ಹೋಗೋದು. ಹುಳಿಗೆ ಉಪ್ಪು ಹಾಕಿದ್ಮೇಲೆ ತೆಗೆಯೋಕಾಗುತ್ತಾ ಹೇಳಿ?"

"ಆಮೇಲೆ ಕಂಪ್ಯೂಟರಲ್ಲಿ?"

"ಈಗ ಏನೇನೋ ಸಾಫ್ಟ್‌ವೇರ್ ಬಂದಿದೆ, ಹಾಡಿಂದ ತಬಲಾ ಬಿಡಿಸ್ತಾರೆ. ಆದ್ರೆ ಒಂದೇ ರೂಮಲ್ಲಿ ಒಟ್ಟಿಗೆ ಹಾಡಿರೋ ಮೂರು ಹೆಂಗಸರ ಗಂಟಲು ಬಿಡಿಸೋದು... ಕಷ್ಟ ಮೇಡಂ. ಅದಕ್ಕೇ ಹೇಳಿದ್ದು, ಇಂಟರ್‌ಫೇಸ್."

"ಮಿಕ್ಸರ್ ಕೊಡಿ," ಎಂದೆ.

ಅವರು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿಕೊಂಡರು. "ಮೇಡಂ, ತಪ್ಪು ತಿಳ್ಕೊಂಡ್ರಿ ಅನ್ಸುತ್ತೆ. ಮಿಕ್ಸರಲ್ಲಿ..."

"ಸರಿಯಾಗೇ ತಿಳ್ಕೊಂಡಿದೀನಿ. ಮಿಕ್ಸರ್ ಕೊಡಿ."

ಅಕ್ಕನಿಗೆ ಕೊಟ್ಟ ಮಾತು ಅಂಗಡಿಯ ಮೆಟ್ಟಿಲಲ್ಲೇ ಮುರಿದು, ಡಬ್ಬ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಮನೆಗೆ ಬಂದೆ. ದಾರಿಯುದ್ದಕ್ಕೂ ಹಗುರವಾಗಿತ್ತು. ಪಶ್ಚಾತ್ತಾಪ ಆಗಲೂ ಬರಲಿಲ್ಲ, ಈಗಲೂ ಇಲ್ಲ.

ರೆಕಾರ್ಡಿಂಗ್ ಇಟ್ಟುಕೊಂಡದ್ದು ಒಂದು ರಜಾದಿನ, ಮಧ್ಯಾಹ್ನ. ಹಿಂದಿನ ಕೋಣೆಯ ಕಿಟಕಿಗೆ ಹಾಸಿಗೆ ಒರಗಿಸಿ, ಬೀರುವಿಗೆ ರಜಾಯಿ ಹೊದಿಸಿದೆ. ಫ್ಯಾನ್ ಸದ್ದು ಬೀಳುತ್ತದೆಂದು ಅದನ್ನೂ ಆರಿಸಿದೆ. ಯಜಮಾನರು ಎದುರುಮನೆಗೆ ಹೋಗಿ, ಅರ್ಧ ಗಂಟೆ ಕುಕ್ಕರ್ ಇಡಬೇಡಿ ಎಂದು ಬೇಡಿಕೊಂಡು ಬಂದರು. ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ಅವರು ನನಗಾಗಿ ಮಾಡಿದ ದೊಡ್ಡ ಸಾಹಸ ಅದು. ಅತ್ತೆ ಫೋಟೋ ತೆಗೆಯುತ್ತಾರೇನೋ ಎಂಬಂತೆ ರೇಷ್ಮೆ ಸೀರೆ ಉಟ್ಟು, ಮಾವನನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಮೈಕನ್ನು ಒಂದು ಸಲ ದೂರದಿಂದ, ಒಂದು ಸಲ ಹತ್ತಿರದಿಂದ ನೋಡಿದರು.

"ಶಾಕ್ ಹೊಡೆಯುತ್ತೇನೇ ಇದು?"

"ಇಲ್ಲ ಅತ್ತೆ. ನೀವು ಮನೇಲಿ ಹಾಡ್ದಂಗೆ ಹಾಡಿ."

"ಮನೇಲಿ ಇಷ್ಟು ಸೆಕೆ ಇರಲ್ಲ."

ನನ್ನ ಓರಗಿತ್ತಿ ಕಿಸಕ್ಕೆಂದಳು. ಅಕ್ಕ ಮಾತ್ರ ಮಿಕ್ಸರಿನ ದೀಪಗಳನ್ನೇ ನೋಡುತ್ತಿದ್ದಳು. "ಇದರಲ್ಲಿ ನಂದು ಯಾವ್ದು?" ಎಂದಳು. ನಡುವಿನ ಹಿಡಿ ತೋರಿಸಿದೆ. ಅವಳು ಅದನ್ನು ಬೆರಳ ತುದಿಯಲ್ಲಿ ಮುಟ್ಟಿ, ಬೇರೆಯಾಗಿದೆ ಎಂದು ಸಮಾಧಾನಪಟ್ಟುಕೊಂಡಳು. ನಾನು ಬಾಯಿ ಬಿಡಲಿಲ್ಲ.

ಹೆಡ್‌ಫೋನ್ ಹಾಕಿಕೊಂಡು ತಲೆಯಾಡಿಸಿದೆ. ಅಕ್ಕ ಗಂಟಲು ಸರಿಮಾಡಿಕೊಂಡು ಮೊದಲ ಸಾಲು ಎತ್ತಿದಳು.

ಅಷ್ಟು ಹತ್ತಿರದಿಂದ ಅವಳ ದನಿ ಕೇಳಿ ಎಷ್ಟೋ ವರ್ಷವಾಗಿತ್ತು. ಕಿವಿಯ ಒಳಗೇ ಕೂತು ಹಾಡಿದ ಹಾಗೆ. ಸಾಲಿನ ಕೊನೆಯಲ್ಲಿ ಅವಳು ಉಸಿರೆಳೆದುಕೊಳ್ಳುವ ಸದ್ದು, ನಾಲಿಗೆ ಅಂಗುಳಕ್ಕೆ ತಾಗುವ ಸದ್ದು, ಎಲ್ಲ ಕೇಳುತ್ತಿತ್ತು. ಎರಡನೇ ನುಡಿಗೆ ಬರುವಷ್ಟರಲ್ಲಿ ನನಗೆ ಸೆಕೆ ಮರೆತುಹೋಗಿತ್ತು, ಕೋಣೆಯೂ ಮರೆತುಹೋಗಿತ್ತು. ನಾವು ಮಕ್ಕಳೋ, ಮುದುಕಿಯರೋ, ಇದು ಯಾರ ಮದುವೆಯೋ, ಯಾವುದೂ ಬೇಕಿರಲಿಲ್ಲ. ಮಿಕ್ಸರಿನಲ್ಲಿ ಆಮೇಲೆ ತಿದ್ದುವ ಮಾತಿಲ್ಲ. ಹಾಡು ನಡೆಯುತ್ತಿರುವಾಗಲೇ ಕೈ ಕೆಲಸ ಮಾಡಬೇಕು. ಅತ್ತೆಯ ನಡುಗುವ ದನಿಯನ್ನು ಕೂದಲೆಳೆಯಷ್ಟು ಇಳಿಸಿದೆ, ಓರಗಿತ್ತಿಯದನ್ನು ಹಾಗೇ ಬಿಟ್ಟೆ, ನಡುವಿನ ಹಿಡಿಯನ್ನು ಮೆಲ್ಲಗೆ ಮೇಲಕ್ಕೆ ತಳ್ಳಿದೆ. ಹಾಡಲು ಬಾರದ ನಾನೂ ಆ ಹಾಡಿನಲ್ಲಿದ್ದೇನೆ ಎನ್ನಿಸಿತು. ಜೀವನದಲ್ಲಿ ಮೊದಲ ಸಲ ಹಾಗನ್ನಿಸಿದ್ದು.

ಮುಗಿದ ಮೇಲೆ ಎಲ್ಲರಿಗೂ ಕೇಳಿಸಿದೆ. "ನನ್ನ ದನಿ ಇಷ್ಟು ಮುದಿಯಾಯ್ತೇನೇ?" ಎಂದು ಅತ್ತೆ ಕೊರಗಿದರು. ಅಕ್ಕನ ದನಿಯ ಬಗ್ಗೆ ಏನಾದರೂ ಹೇಳುತ್ತಾರೇನೋ ಎಂದು ಕಾದೆ. ಅಕ್ಕನೂ ಅವರ ಮುಖವನ್ನೇ ನೋಡುತ್ತಿದ್ದಳು. "ಚೆನ್ನಾಗಿ ಬಂದಿದೆ, ಎಲ್ಲಾರದೂ," ಎಂದು ಅತ್ತೆ ಅಡ್ಡಗೋಡೆಯ ಮೇಲೆ ದೀಪ ಇಟ್ಟು ಸೀರೆಯ ನೆರಿಗೆ ಸರಿಮಾಡಿಕೊಂಡರು.

ಆ ಮಾತು ಅಕ್ಕನನ್ನು ಕೊರೆಯಿತು. ಮದುವೆಗೆ ಮುಂಚಿನ ಚಪ್ಪರದ ದಿನ ಕೆಂಗೇರಿಗೆ ಹೋದಾಗ ಅವಳು ಬಾಗಿಲ ಬಳಿ ಕೂತು ಮಾವಿನೆಲೆ ಪೋಣಿಸುತ್ತಿದ್ದಳು. ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡಳು.

"ನಂದು ತೆಗೆದ್ಬಿಡು ಕಣೇ. ಅವರಿಬ್ಬರದೇ ಸಾಕು."

"ಆಗಲ್ಲ."

"ಆಗಲ್ಲ ಅಂದ್ರೆ?"

"ಮೂರೂ ಸೇರಿ ಒಂದೇ ಆಗಿದೆ. ಬೇರೆ ಮಾಡೋಕೆ ಬರಲ್ಲ. ಬೇಡ ಅಂದ್ರೆ ಪೂರ್ತಿ ಹಾಡೇ ಬೇಡ. ಅದನ್ನ ನಿನ್ನ ಮಗಳಿಗೆ ನೀನೇ ಹೇಳು."

ಅವಳ ಕೈಯಲ್ಲಿದ್ದ ದಾರ ನಿಂತಿತು. "ಮಾತು ಕೊಟ್ಟಿದ್ದೆ ನೀನು."

"ಕೊಟ್ಟಿದ್ದೆ."

"ಗೊತ್ತಿದ್ದೂ ಗೊತ್ತಿದ್ದೂ ಅಂಥದ್ದೇ ತಂದ್ಯಾ?"

"ಹೂಂ."

ಅಕ್ಕ ನನ್ನನ್ನು ಒಂದು ಸಲ ದಿಟ್ಟಿಸಿ ನೋಡಿದಳು. ಚಿಕ್ಕಂದಿನಲ್ಲಾಗಿದ್ದರೆ ಕೆನ್ನೆಗೆ ಬೀಳುತ್ತಿತ್ತು. ಬಯ್ದಿದ್ದರೂ ಚೆನ್ನಾಗಿತ್ತು. ತಲೆ ತಗ್ಗಿಸಿ ಮತ್ತೆ ಎಲೆ ಪೋಣಿಸತೊಡಗಿದಳು. ಅವತ್ತು ನನಗೆ ಅವಳು ಕಾಫಿ ಕೊಟ್ಟದ್ದೂ ಬೇರೆಯವರ ಕೈಯಲ್ಲಿ. ಆದರೆ ಮಗಳಿಗೆ ಬೇಡವೆಂದು ಹೇಳಲಿಲ್ಲ. ನಾನು ಅಷ್ಟನ್ನೇ ಹಿಡಿದುಕೊಂಡು ಮನೆಗೆ ಬಂದೆ.

ಮದುವೆ ಬಸವೇಶ್ವರನಗರದ ಛತ್ರದಲ್ಲಿ. ಮುಹೂರ್ತ ಮುಗಿದು ಅಕ್ಷತೆ ಬಿದ್ದ ಮೇಲೆ ಆರತಿ. ವಾಲಗ ನಿಂತಿತು. ಅತ್ತೆ ಮತ್ತು ಓರಗಿತ್ತಿ ಎರಡು ಕಡೆಯಿಂದ ದೊಡ್ಡ ಬೆಳ್ಳಿ ತಟ್ಟೆ ಹಿಡಿದು ಮದುಮಕ್ಕಳ ಮುಂದೆ ನಿಂತರು. ಸಾಲಾಗಿ ಹಾಕಿದ್ದ ಕುರ್ಚಿಗಳ ನಡುವಿನಿಂದ ಅಕ್ಕ ಎದ್ದದ್ದು ನನಗೆ ಕಂಡಿತು. ಎಂದಿನಂತೆ ಊಟದ ಹಾಲಿನ ಕಡೆ ಹೊರಟಳು. ಸೌಂಡಿನ ಮನುಷ್ಯನಿಗೆ ಕೈಸನ್ನೆ ಮಾಡಿದೆ. ಅವನು ಲ್ಯಾಪ್‌ಟಾಪಿಗೆ ನನ್ನ ಪೆನ್‌ಡ್ರೈವ್ ಚುಚ್ಚಿ ಹಾಡು ಹಾಕಿದ.

ಅಕ್ಕನ ದನಿ ಛಾವಣಿಯಿಂದ ಇಳಿಯಿತು. ಅದು ಎಲ್ಲಿಂದ ಬರುತ್ತಿದೆಯೆಂದು ಹೇಳಲಾಗುತ್ತಿರಲಿಲ್ಲ; ಕಂಬದಿಂದ, ಹೂವಿನ ಮಂಟಪದಿಂದ, ಕೂತವರ ನಡುವಿನಿಂದ. ಮಾತಾಡುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಒಂದು ಮಗು ಬಾಯಿಯಿಂದ ಲಾಡು ತೆಗೆದು ಮೇಲೆ ನೋಡಿತು. ಅಕ್ಕ ಊಟದ ಹಾಲಿನ ಬಾಗಿಲು ಮುಟ್ಟುವ ಮುಂಚೆ ನಿಂತಳು. ತಿರುಗಿದಳು. ಹಿಂದಿನ ಸಾಲಿನ ಖಾಲಿ ಕುರ್ಚಿಯೊಂದರಲ್ಲಿ ಕೂತು ಕಣ್ಣು ಮುಚ್ಚಿದಳು. ಆರತಿಯ ಹೊತ್ತಿಗೆ ಅವಳು ಮಂಟಪದ ಕಡೆ ಮುಖ ಮಾಡಿ ಕೂತದ್ದನ್ನು ನೋಡಿ ನನಗೆ ಗೆದ್ದೆ ಎನ್ನಿಸಿತು.

ಅಷ್ಟು ಬೇಗ ಗೆಲ್ಲಬಾರದಿತ್ತು. ರೆಕಾರ್ಡ್ ಮಾಡುವಾಗ ನಾನು ಎಲ್ಲವನ್ನೂ ಲೆಕ್ಕ ಹಾಕಿದ್ದೆ, ಫೋಟೋದವನನ್ನು ಬಿಟ್ಟು. "ತಟ್ಟೆ ಸ್ವಲ್ಪ ಮೇಲೆ ಅಮ್ಮಾ. ಹಾಂ, ಅಲ್ಲೇ. ಗಂಡಿನ ಕಡೆ ಅಜ್ಜೀನೂ ಬರ್ಲಿ. ಇನ್ನೊಂದ್ಸಲ ನಿಧಾನಕ್ಕೆ." ಅವನ 'ಇನ್ನೊಂದ್ಸಲ'ಗಳು ಮುಗಿಯುವ ಮುಂಚೆಯೇ ಹಾಡು ಮುಗಿಯಿತು. ಅಕ್ಕ ಎತ್ತಿಕೊಡುತ್ತಿದ್ದಾಗ ತಟ್ಟೆ ಆಡುವವರೆಗೂ ಕೊನೆಯ ನುಡಿಯನ್ನು ತಿರುಗಿಸಿ ತಿರುಗಿಸಿ ಹಾಡುತ್ತಿದ್ದಳು. ಪೆನ್‌ಡ್ರೈವಿಗೆ ಆ ತಿಳಿವಳಿಕೆ ಎಲ್ಲಿಂದ ಬರಬೇಕು? ಛತ್ರ ತಣ್ಣಗಾಯಿತು. ನಮ್ಮಲ್ಲಿ ಹಾಡಿನಿಂದ ಶುರುವಾದ ಆರತಿಯನ್ನು ಹಾಡಿಲ್ಲದೆ ಇಳಿಸುವಂತಿಲ್ಲ. ಹಾಡು ನಿಂತಾಗ ತಟ್ಟೆ ಇಳಿಸಿದರೆ ಆ ಮನೆಯ ಬೆಳಕು ಇಳಿಸಿದಂತೆ ಎಂದು ಅತ್ತೆಯೇ ನಮಗೆಲ್ಲ ಕಲಿಸಿದ್ದು.

ಎದ್ದು ಸೌಂಡಿನ ಮೇಜಿಗೆ ಓಡಿದೆ. ಹಾಡು ಹಾಕಿದವನು ವಾಲಗದವರ ಜೊತೆ ಊಟದ ಪಂಕ್ತಿಗೆ ಹೋಗಿಬಿಟ್ಟಿದ್ದ. ಲ್ಯಾಪ್‌ಟಾಪಿನ ಪರದೆ ಪಾಸ್‌ವರ್ಡ್ ಕೇಳುತ್ತಿತ್ತು. ಅತ್ತ ವೇದಿಕೆಯ ಮೇಲೆ ಓರಗಿತ್ತಿ ಅತ್ತೆಯ ಬಾಯಿ ನೋಡಿದಳು, ಅತ್ತೆ ಓರಗಿತ್ತಿಯ ಬಾಯಿ ನೋಡಿದರು. ಅತ್ತೆ ಒಂದು ಸಾಲು ಶುರುಮಾಡಿ, ಅದು ಯಾವ ನುಡಿಯದೋ ಗೊತ್ತಾಗದೆ ಬಿಟ್ಟರು. ತಟ್ಟೆ ಭಾರವಾಗಿತ್ತು. ಬತ್ತಿಗಳು ಉರಿಯುತ್ತಿದ್ದವು.

ಅತ್ತೆ ತಲೆಯೆತ್ತಿ ಛತ್ರದ ಉದ್ದಕ್ಕೂ ಹುಡುಕಿದರು. ಹಿಂದಿನ ಸಾಲಿನಲ್ಲಿ ಅಕ್ಕ ಸಿಕ್ಕಿದಳು.

"ಏಯ್! ಅಲ್ಲಿ ಕೂತ್ಕೊಂಡು ಏನೇ ನೋಡ್ತಿದೀಯಾ?" ಎಂದು ಕೂಗಿದರು. "ಎತ್ಕೊಡೇ! ಕೈ ಬಿದ್ದೋಗ್ತಿದೆ ನಂಗೆ!"

ಎಲ್ಲರ ತಲೆಯೂ ಹಿಂದಕ್ಕೆ ತಿರುಗಿತು. ಅಕ್ಕ ಕುರ್ಚಿಯ ಕೈ ಹಿಡಿದುಕೊಂಡು ಬೇಡವೆಂದು ತಲೆಯಾಡಿಸಿದಳು.

"ಹಾಡಿಲ್ದೆ ಇಳಿಸ್ಲಾ ಹಂಗಾದ್ರೆ? ನಿನ್ನ ಮಗಳ ಆರತೀನ ಹಾಡಿಲ್ದೆ ಇಳಿಸ್ಲಾ, ಹೇಳು!"

ಯಾವ ಭಯಕ್ಕೆ ಅಕ್ಕ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದಳೋ, ಅದೇ ಭಯ ಈಗ ಅವಳನ್ನು ಹಾಡೆನ್ನುತ್ತಿತ್ತು. ಕೂತಲ್ಲಿಂದಲೇ ಕೊನೆಯ ನುಡಿಯ ಮೊದಲ ಸಾಲು ಎತ್ತಿಕೊಂಡಳು. ಮೈಕಿಲ್ಲದ ದನಿ, ಆ ದೊಡ್ಡ ಛತ್ರದಲ್ಲಿ ಎಷ್ಟು ಸಣ್ಣದು! ಅತ್ತೆಯೂ ಓರಗಿತ್ತಿಯೂ ಕತ್ತು ಚಾಚಿ, ಅವಳ ಬಾಯಿಯ ಅಂದಾಜಿನ ಮೇಲೆ ಹಿಂದೆ ಹೇಳಿದರು. ತಟ್ಟೆ ಮತ್ತೆ ಆಡಿತು.

"ಅಮ್ಮಾ," ಎಂದಳು ಹುಡುಗಿ, ಹಸೆಮಣೆಯಿಂದ. "ಕೇಳಿಸ್ತಿಲ್ಲ. ಹತ್ರ ಬಾ."

ಅಕ್ಕ ಹಾಡು ನಿಲ್ಲಿಸದೆ ಎದ್ದಳು. ಕುರ್ಚಿಗಳನ್ನು ಯಾರು ಯಾರೋ ಎಳೆದು ದಾರಿ ಬಿಟ್ಟರು. ಕನಸಿನಲ್ಲಿ ನಡೆಯುವವಳ ಹಾಗೆ, ಕಣ್ಣು ಮಗಳ ಮೇಲೆ ನೆಟ್ಟು, ಒಂದೊಂದು ಸಾಲಿಗೆ ಸ್ವಲ್ಪ ಸ್ವಲ್ಪವೇ ಹತ್ತಿರವಾಗುತ್ತಾ ಬಂದಳು. ಹತ್ತಿರವಾದಂತೆ ದನಿ ದೊಡ್ಡದಾಯಿತು. ನಾನು ಸೌಂಡಿನ ಮೇಜಿನ ಹಿಂದೆ ನಿಂತು ಬಿಕ್ಕಿಬಿಕ್ಕಿ ಅಳುತ್ತಿದ್ದೆ. ಸ್ಪೀಕರಿನಲ್ಲಿ ಬಂದದ್ದು ಇದರ ಮುಂದೆ ಏನೂ ಅಲ್ಲ. ನಾನು ದನಿಯನ್ನು ಒಳಗೆ ಕರೆತಂದು ಅಕ್ಕನನ್ನು ಹಿಂದಿನ ಸಾಲಿನಲ್ಲಿ ಬಿಟ್ಟಿದ್ದೆ, ಅದು ಆಗ ಹೊಳೆಯಿತು.

ಅಕ್ಕ ಮೆಟ್ಟಿಲು ಹತ್ತಿ ಅತ್ತೆಯ ಪಕ್ಕಕ್ಕೆ ಬಂದಳು. ಫೋಟೋದವನು ಕ್ಯಾಮೆರಾದಿಂದ ಮುಖ ತೆಗೆದು ಕೈಬೀಸಿದ. "ಆಂಟಿ, ಸ್ವಲ್ಪ ಸೈಡಿಗೆ ಹೋಗಿ. ಅಡ್ಡ ಬರ್ತಿದೀರಾ."

ಅಭ್ಯಾಸವಾದ ಕಾಲು ತಾನಾಗಿಯೇ ಹಿಂದೆ ಸರಿಯಿತು. ಹುಡುಗಿ ಕೂತಲ್ಲಿಂದಲೇ ಬಾಸಿಂಗ ಓರೆಯಾಗುವಂತೆ ಬಾಗಿ ಅಕ್ಕನ ಸೆರಗು ಹಿಡಿದುಕೊಂಡಳು.

"ಅವರು ನಮ್ಮಮ್ಮ. ಇಲ್ಲೇ ಇರ್ತಾರೆ," ಎಂದಳು. "ನೀವು ತೆಗೀರಿ."

ಸೆರಗು ಅವಳ ಕೈಯಲ್ಲೇ ಇತ್ತು. ಅಕ್ಕ ಮುಂದಿನ ಸಾಲು ಎತ್ತಿಕೊಂಡಳು.